ಕೊಳ್ಳುವವನ ಕಿವಿ: ರಿಯಾಯಿತಿಯ ಹೆಡ್‌ಫೋನಿಗೊಂದು ಪೂರ್ವಕಥೆ

ಕಳೆದ ದೀಪಾವಳಿಯ ಮಾರಾಟದಲ್ಲಿ ನಾನೊಂದು ಹೆಡ್‌ಫೋನ್ ಕೊಂಡೆ. ಸಂಗೀತವನ್ನು ತುಸು ಶ್ರದ್ಧೆಯಿಂದ ಕೇಳುವವರಿಗೆಂದೇ ತಯಾರಾಗುವ, ಹಿಂಬದಿ ತೆರೆದಿರುವ ಮಾದರಿ ಅದು. ಮಾರಾಟದ ಪುಟದಲ್ಲಿ ಹೊಡೆದುಹಾಕಿದ ಬೆಲೆ 29,990 ರೂಪಾಯಿ. ನಾನು ತೆತ್ತದ್ದು 14,500. ಪುಣೆಯ ಪೂರ್ವಕ್ಕೆ, ಲೋಹಗಾಂವ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ನಮ್ಮ ವಿಮಾನ ನಗರದಲ್ಲಿ ತೆರೆದ ಹೆಡ್‌ಫೋನ್ ಧರಿಸಿ ಕೂರುವುದೇ ಒಂದು ಸಾಹಸ. ಮೇಲೆ ವಾಯುಪಡೆಯ ಸುಖೋಯ್ ಹಾರಿತೆಂದರೆ ವಿಲಂಬಿತ್ ಖಯಾಲಿನ ಅರ್ಧ ಆವರ್ತನ ಹಾರಿಹೋದಂತೆಯೇ. ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಕೇಳುವ ರೂಢಿ ಮಾಡಿಕೊಂಡೆ.

ಮೂರನೆಯ ರಾತ್ರಿ ಒಂದು ಸಂಗತಿ ಗಮನಕ್ಕೆ ಬಂತು. ಭೀಮಸೇನ ಜೋಶಿಯವರ ಧ್ವನಿ ನಡುವೆ ನಿಲ್ಲದೆ ತುಸು ಬಲಕ್ಕೆ ಸರಿದು ನಿಂತಿದೆ. ಮೊದಲು ಧ್ವನಿಮುದ್ರಣವೇ ಹಾಗಿರಬಹುದು ಎಂದುಕೊಂಡೆ. ಇನ್ನೊಂದು ಮುದ್ರಣ ಹಾಕಿದೆ, ಅಲ್ಲಿಯೂ ಹಾಗೆಯೇ. ಆಗ ನನಗೆ ಬಂದ ಅನುಮಾನ ವಸ್ತುವಿನ ಮೇಲಲ್ಲ, ನನ್ನ ಎಡಗಿವಿಯ ಮೇಲೆ. ಐವತ್ತು ದಾಟಿದ ಮನುಷ್ಯ. ಮಂದವಾಗುವ ಕಾಲವೇ ಇದು. ಮನೆಯಲ್ಲಿ ಹೇಳದೆ ಎರಡು ದಿನ ಚಿಂತಿಸಿದೆ, ಆಮೇಲೆ ಕಿವಿಯ ವೈದ್ಯರಲ್ಲಿ ಸಮಯ ಕೇಳಿ ಪರೀಕ್ಷೆ ಮಾಡಿಸಿಕೊಂಡೆ. ವಾರ ಕಳೆದು ವರದಿ ಬಂತು: ಎರಡೂ ಕಿವಿ ವಯಸ್ಸಿಗೆ ತಕ್ಕಂತೆ ಸರಿಯಾಗಿವೆ.

ನಮ್ಮ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಗದಗಿನ ಕಡೆಯ ಹಿರಿಯರೊಬ್ಬರಿದ್ದಾರೆ. ಒಂದು ಕಾಲಕ್ಕೆ ಕಛೇರಿಗಳಲ್ಲಿ ಗಾಯಕರ ಹಿಂದೆ ಕೂತು ತಂಬೂರಿ ನುಡಿಸಿದವರು. ನನ್ನ ಕಥೆ ಕೇಳಿ ಅವರು ನಕ್ಕರು. “ಡಾಕ್ಟರ್ ಕಡೆ ಯಾಕ ಹೋದಿ ತಮ್ಮಾ? ಅದನ್ನ ತಿರುವಿ ಹಾಕ್ಕೊಂಡು ನೋಡಬೇಕಿತ್ತು. ಬಲಕ್ಕಿದ್ದ ದನಿ ಎಡಕ್ಕ ಬಂತಂದ್ರ ತಪ್ಪು ವಸ್ತುವಿಂದು. ಬಲಕ್ಕ ಉಳೀತಂದ್ರ ನಿಂದು.” ತಿರುಗಿಸಿ ಹಾಕಿಕೊಂಡೆ. ಧ್ವನಿ ಎಡಕ್ಕೆ ಬಂತು. ಹಿಂದಿರುಗಿಸಲು ಕೊಟ್ಟಿದ್ದ ಏಳು ದಿನಗಳ ಅವಧಿ ಅಷ್ಟರಲ್ಲಿ ಮುಗಿದಿತ್ತು.

ಹೋದ ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯ ಪ್ರಶ್ನೆ. ಮುಖಬೆಲೆಯ ಅರ್ಧಕ್ಕಿಂತ ಕಡಿಮೆಗೆ ಬಂದ ವಸ್ತುವನ್ನು ಬಿಟ್ಟು ನಾನೇಕೆ ನನ್ನ ಕಿವಿಯನ್ನೇ ಶಂಕಿಸಿದೆ? ಕಾರ್ಖಾನೆಯಿಂದ ಹೊರಬಿದ್ದ ವಸ್ತುವನ್ನು ನನಗಿಂತ ಮೊದಲೇ ಯಾರೋ ಕೇಳಿ ನೋಡಿರುತ್ತಾರೆ ಎಂಬ ನಂಬಿಕೆ ನನ್ನಲ್ಲಿ ಆಳವಾಗಿ ಕೂತಿತ್ತು. ಆ ನಂಬಿಕೆ ಹುಟ್ಟಿದ್ದು ಹೇಗೆ, ಅದು ಎಲ್ಲಿ ಸಡಿಲಗೊಂಡಿತು ಎಂಬುದನ್ನು ಹುಡುಕುವುದೇ ಈ ಬರಹದ ಉದ್ದೇಶ.

ನಮ್ಮ ನಾಡಿನ ಧ್ವನಿಮುದ್ರಣದ ಇತಿಹಾಸ ತಪಾಸಣೆಯ ಮಾತಿನೊಂದಿಗೇ ತೊಡಗುತ್ತದೆ. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡ. ಅಂದಿನ ತಟ್ಟೆಗಳಲ್ಲಿ ಹಾಡು ಮುಗಿದೊಡನೆ ಗಾಯಕಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಇಂದು ಅದು ನಮಗೆ ಬೆಡಗಾಗಿ ಕೇಳಿಸುತ್ತದೆ. ಅದರ ಹಿಂದಿದ್ದದ್ದು ಒಂದು ವ್ಯವಹಾರದ ಅಗತ್ಯ. ಮೂಲ ಅಚ್ಚುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಮರಳಬೇಕಿತ್ತು. ಹಿಂದೂಸ್ತಾನಿಯ ಒಂದಕ್ಷರವೂ ತಿಳಿಯದ ಅಲ್ಲಿನ ಕೆಲಸಗಾರ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲು ಆ ಕೂಗು ನೆರವಾಗುತ್ತಿತ್ತು. ಎಂದರೆ, ಕೊಳ್ಳುವವನ ಕೈಸೇರುವ ಮೊದಲು ಎಲ್ಲೋ ಒಂದು ಕಿವಿ ಅದನ್ನು ಕೇಳುತ್ತದೆ ಎಂಬ ಭರವಸೆ ಆ ಕೂಗಿನಲ್ಲಿಯೇ ಅಡಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆ ಅಚ್ಚುಹಾಕುವ ಕಾರ್ಖಾನೆ ಬಂತು, ಮುಂದೆ ಅದು ದಮ್‌ದಮ್‌ಗೆ ಸರಿಯಿತು. ಅರಗು, ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತಿದ ಆ ತಟ್ಟೆಗಳಲ್ಲಿ ಗುಳ್ಳೆ, ಬಿರುಕು, ಸೊಟ್ಟು ಎಲ್ಲವೂ ಸಹಜ.

ಅದಕ್ಕಾಗಿ ಎರಡನೆಯ ಕಿವಿಯೊಂದಿತ್ತು, ಅಂಗಡಿಯವನದು. ಗದಗಿನಲ್ಲಿ ಬಾಲಕ ಭೀಮಸೇನ ಶಾಲೆಯಿಂದ ಮರಳುವಾಗ ಗ್ರಾಮೋಫೋನ್ ಅಂಗಡಿಯೊಂದರ ಮುಂದೆ ನಿಂತುಬಿಡುತ್ತಿದ್ದ ಕಥೆ ನಮಗೆಲ್ಲ ಗೊತ್ತು. ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿಯೇ ಆತನಿಗೆ ಹುಚ್ಚು ಹಿಡಿದದ್ದು, ಮನೆ ಬಿಟ್ಟು ಗುರುವನ್ನು ಅರಸಿ ಹೊರಟದ್ದು. ಆ ಕಥೆಯಲ್ಲಿ ನಾವು ಗಮನಿಸದೆ ಬಿಡುವ ವಿವರವೊಂದಿದೆ. ಅಂಗಡಿಯವನು ತಟ್ಟೆ ಹಾಕುತ್ತಿದ್ದದ್ದು ಹುಡುಗನಿಗಾಗಿ ಅಲ್ಲ, ಗಿರಾಕಿಗಾಗಿ. ಕೇಳಿಸದೆ ಮಾರುವಂತಿರಲಿಲ್ಲ, ಕೇಳದೆ ಯಾರೂ ಕೊಳ್ಳುತ್ತಿರಲಿಲ್ಲ. ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಿ, ಕೀಲಿ ತಿರುಗಿಸಿ ಕೇಳಿಸುವುದು ವ್ಯಾಪಾರದ ಒಂದು ಅಂಗ, ಅದರ ಖರ್ಚು ಬೆಲೆಯಲ್ಲಿ ಸೇರಿರುತ್ತಿತ್ತು. ಆ ತಪಾಸಣೆಯನ್ನು ಬೀದಿಯೂ ಕೇಳುತ್ತಿತ್ತು. ಬೀದಿಯಲ್ಲಿ ನಿಂತ ಹುಡುಗನೂ. ನಮಗೆ ಭೀಮಸೇನರನ್ನು ಕೊಟ್ಟ ಪುಣ್ಯದಲ್ಲಿ ಒಂದು ಪಾಲು, ಸರಕನ್ನು ಕೇಳಿಸಿ ಮಾರುವ ಆ ಪದ್ಧತಿಗೂ ಸಲ್ಲಬೇಕು.

ಹಾಗೆಂದು ಆ ಕಾಲದ ತಪಾಸಣೆ ಪರಿಪೂರ್ಣವಾಗಿತ್ತೆಂದಲ್ಲ. ನಿಮಿಷಕ್ಕೆ 78 ಸುತ್ತು ಎಂಬುದು ಬಹುಕಾಲ ಹೆಸರಿಗಷ್ಟೇ ಇತ್ತು. ಹಳೆಯ ಮುದ್ರಣಗಳ ನಿಜವಾದ ವೇಗ ಒಂದೊಂದರದು ಒಂದೊಂದು. 76ರಲ್ಲಿ ಮುದ್ರಿಸಿದ್ದನ್ನು 80ರಲ್ಲಿ ತಿರುಗಿಸಿದರೆ ಗಾಯಕನ ಷಡ್ಜ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರುತ್ತದೆ. ಇದನ್ನು ಸರಿಪಡಿಸಲು ಗೆರೆಗಳುಳ್ಳ ಒಂದು ಕಾಗದದ ಬಿಲ್ಲೆ ಸಿಗುತ್ತಿತ್ತು. ಅದನ್ನು ತಟ್ಟೆಯ ಮೇಲಿಟ್ಟು 50 ಹರ್ಟ್ಸ್ ವಿದ್ಯುತ್ತಿನ ದೀಪದಡಿ ತಿರುಗಿಸಿದರೆ, ವೇಗ ಸರಿಯಿದ್ದಾಗ ಅದರ 77 ಗೆರೆಗಳು ನಿಂತಂತೆ ತೋರುತ್ತಿದ್ದವು. ಮನೆಯಲ್ಲಿ ಕೂತು ಕೊಂಡವನೇ ಮಾಡಬಹುದಾದ ಪರೀಕ್ಷೆ ಅದು. ಎಂದರೆ ಕಾರ್ಖಾನೆ, ಅಂಗಡಿ, ಮನೆ ಎಂದು ಮೂರು ಕಡೆ ಮೂರು ಪಹರೆಗಳಿದ್ದವು. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತಿತ್ತು.

ಇದಕ್ಕೂ ಹಳೆಯದಾದ ಪದ್ಧತಿಯೊಂದನ್ನು ನೋಡಲು ಪುಣೆಯವರು ದೂರ ಹೋಗಬೇಕಿಲ್ಲ. ಅಬ್ದುಲ್ ಕರೀಂ ಖಾನರು ನೆಲೆಸಿದ್ದ, 1937ರಲ್ಲಿ ತೀರಿಕೊಂಡ ಬಳಿಕ ಅವರನ್ನು ಮಣ್ಣುಮಾಡಿದ ಮೀರಜ್, ತಂಬೂರಿ ಸಿತಾರುಗಳಿಗೆ ಪ್ರಸಿದ್ಧವಾದ ಊರು. 2024ರಲ್ಲಿ ಅಲ್ಲಿನ ಸಿತಾರು ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಕಛೇರಿಯ ತಂಬೂರಿಗಳನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಆಯುತ್ತಾರೆ. ಬುರುಡೆಯ ಗಾತ್ರ ಹೊಂದಬೇಕು, ನಾದದ ತೂಕ ಹೊಂದಬೇಕು, ಜವಾರಿ ಎರಡರಲ್ಲೂ ಒಂದೇ ಹದದಲ್ಲಿ ತೆರೆದುಕೊಳ್ಳಬೇಕು. ಒಂದು ಮಂದವಾಗಿ ಇನ್ನೊಂದು ಮೊಳಗಿದರೆ ನಡುವೆ ಕೂತ ಗಾಯಕನಿಗೆ ಷಡ್ಜ ಒಂದೇ ಕಡೆಯಿಂದ ಬಂದಂತಾಗುತ್ತದೆ. ಆಯುವವನು ನುಡಿಸಿ, ಎಡಬಲ ಬದಲಿಸಿ ಮತ್ತೆ ನುಡಿಸಿ, ಆಮೇಲೆ ಹಣ ಕೊಡುತ್ತಾನೆ. ಮೇಲಿನ ಮನೆಯ ಹಿರಿಯರು ನನಗೆ ಹೇಳಿಕೊಟ್ಟ ಉಪಾಯದ ಮೂಲ ಇದೇ ಆಗಿರಬೇಕು.

ಹೆಡ್‌ಫೋನ್ ಎಂಬುದೂ ಮೂಲತಃ ಒಂದು ಜೋಡಿ. 1910ರ ಸುಮಾರಿಗೆ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ಮನೆಯಲ್ಲಿಯೇ ತಯಾರಿಸಿ ನೌಕಾಪಡೆಗೆ ಮಾರಿದ ಕಿವಿವಾಣಿಗಳು ನಿಸ್ತಂತು ಸಂದೇಶ ಕೇಳಲು ಇದ್ದವು. ಎರಡು ಬದಿ ಕೊಂಚ ಹೆಚ್ಚುಕಡಿಮೆಯಾದರೂ ಸಂದೇಶ ತಿಳಿದರೆ ಸಾಕಿತ್ತು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದ ಮೇಲೆ ಮಾತು ಬದಲಾಯಿತು. ಧ್ವನಿ ತಲೆಯ ನಡುವೆ ಮೂಡಬೇಕಾದರೆ ಎರಡು ಬದಿಯ ಧ್ವನಿಕಾರಕಗಳು ಸಮತೂಕವಾಗಿರಬೇಕು. ಒಂದು ಡೆಸಿಬೆಲ್‌ನಷ್ಟು ವ್ಯತ್ಯಾಸವಾದರೂ ಎಚ್ಚರದಿಂದ ಕೇಳುವವನಿಗೆ ಧ್ವನಿ ವಾಲಿದಂತೆ ಕಾಣುತ್ತದೆ. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ತೆರೆದ ಮಾದರಿಯನ್ನು ಜನಪ್ರಿಯಗೊಳಿಸಿತು. 1976ರಲ್ಲಿ ಯಮಾಹಾದ ಎಚ್‌ಪಿ-1, ತೆಳುವಾದ ಹಾಳೆಯ ಮೇಲೆ ವಾಹಕದ ಗೆರೆಗಳನ್ನು ಹರಡಿ ಅದನ್ನು ಅಯಸ್ಕಾಂತಗಳ ನಡುವೆ ಕಂಪಿಸುವ ವಿಧಾನವನ್ನು ಬಳಸಿತು. ಇಂದಿನ ಹವ್ಯಾಸಿಗಳ ಮೆಚ್ಚಿನ ಪ್ಲೇನಾರ್ ಮಾದರಿಗಳ ಹಿರಿಯಣ್ಣ ಅದು. ಆ ಹಾಳೆ ಎಷ್ಟು ಸೂಕ್ಷ್ಮವೆಂದರೆ, ಒಳಗೆ ಸಿಕ್ಕ ಒಂದು ಕೂದಲೆಳೆ ಮಂದ್ರದ ಸ್ವರಗಳಲ್ಲಿ ಗರಗರ ಎನ್ನಿಸಬಲ್ಲದು.

ಆದುದರಿಂದ ಶ್ರದ್ಧೆಯ ತಯಾರಕ ಮಾಡುವ ಕೆಲಸ ಎರಡು. ಕೃತಕ ಕಿವಿಯೊಂದಕ್ಕೆ ತೊಡಿಸಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸ್ವರ ಹರಿಸಿ ಅಳೆಯುವುದು. ಅಳೆದವುಗಳಲ್ಲಿ ಹೊಂದುವ ಎರಡನ್ನು ಆಯ್ದು ಜೋಡಿ ಮಾಡುವುದು. ಅಳತೆಗೆ ಕೆಲವೇ ಕ್ಷಣ ಸಾಕು. ನಿಜವಾದ ವೆಚ್ಚ ಇರುವುದು ಜೋಡಿಗೆ ಹೊಂದದವನ್ನು ಪಕ್ಕಕ್ಕಿಡುವುದರಲ್ಲಿ. ಎರಡು ಡೆಸಿಬೆಲ್ ಅಂತರವನ್ನು ಒಪ್ಪುವವನಿಗೆ ಬಹುಪಾಲು ಎಲ್ಲವೂ ಮಾರಾಟಯೋಗ್ಯ. ಒಂದು ಡೆಸಿಬೆಲ್‌ಗೆ ಪಟ್ಟುಹಿಡಿದವನ ಬುಟ್ಟಿಯಲ್ಲಿ ತಿರಸ್ಕೃತವಾದವು ತುಂಬುತ್ತವೆ. ಗುಣಮಟ್ಟದ ನಿಯಂತ್ರಣವೆಂದರೆ ಕೊನೆಗೆ ಎಷ್ಟನ್ನು ಎಸೆಯಲು ಸಿದ್ಧ ಎಂಬ ಪ್ರಶ್ನೆ. ಮೀರಜಿನ ಕುಶಲಕರ್ಮಿಗೂ ಇದು ಗೊತ್ತು. ದೂರದ ಕಾರ್ಖಾನೆಗೂ ಗೊತ್ತು.

ಈಗ ರಿಯಾಯಿತಿಯ ಮಾತು. ನಮ್ಮ ಹಿರಿಯರಿಗೆ ಪರಿಚಿತವಾಗಿದ್ದ ರಿಯಾಯಿತಿ ಗಾಂಧಿ ಜಯಂತಿಯ ಖಾದಿಯದು. ಅಲ್ಲಿ ಬೆಲೆ ಇಳಿದರೂ ಬಟ್ಟೆ ಕೈಯಲ್ಲಿರುತ್ತಿತ್ತು. ಬೆಳಕಿಗೆ ಹಿಡಿದು, ಬೆರಳಿನಿಂದ ತಿಕ್ಕಿ ನೋಡಿ ಕೊಳ್ಳಬಹುದಿತ್ತು. ಎಂಬತ್ತರ ದಶಕದ ಟೇಪ್ ರೆಕಾರ್ಡರ್, ವಾಕ್‌ಮನ್‌ಗಳ ಕಾಲದಲ್ಲೂ ಹಾಗೆಯೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಪುಣೆಯ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಲ್ಲಾಗಲಿ ಗ್ಯಾರಂಟಿ ಚೀಟಿ ಸಿಗದಿದ್ದರೂ “ಹಾಕಿ ತೋರಿಸಿ” ಎಂಬ ಒಂದು ಮಾತಿಗೆ ಬೆಲೆಯಿತ್ತು. ಕ್ಯಾಸೆಟ್ ಮಂಕಾಗಿ ಕೇಳಿದರೆ ಅಂಗಡಿಯವನೇ ಸಣ್ಣ ತಿರುಪುಳಿಯಿಂದ ಹೆಡ್ಡಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಧ್ವನಿ ಬಿಡಿಸಿಕೊಡುತ್ತಿದ್ದ. ಕಾರ್ಖಾನೆಯ ಪಹರೆ ತಪ್ಪಿದ್ದರೂ ಅಂಗಡಿಯ ಪಹರೆ ಇತ್ತು.

ಇದರ ನಡುವೆ ಕಾನೂನು ತನ್ನ ದಾರಿಯಲ್ಲಿ ಬೆಳೆಯುತ್ತಿತ್ತು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. 1952ರ ಕಾಯಿದೆ ಐಎಸ್‌ಐ ಗುರುತಿಗೆ ದಾರಿಮಾಡಿತು. 1974ರಲ್ಲಿ ಇದೇ ಪುಣೆಯಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತವನ್ನು ಕಟ್ಟಿದರು. ಕೊಳ್ಳುವವನು ಒಂಟಿ, ಮಾರುವವನು ಸಂಘಟಿತ ಎಂಬ ಅಸಮತೋಲವನ್ನು ಸರಿಪಡಿಸಲು ಹೊರಟ ಚಳವಳಿಯದು. 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವೇ ಇಂದು ರಾಷ್ಟ್ರೀಯ ಗ್ರಾಹಕ ದಿನ. 2019ರ ಹೊಸ ಕಾಯಿದೆ, ಕೊಂಡವನು ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದೆಂದಿತು. ಊರುಬಿಟ್ಟು ಬಂದ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರವೆಂದೂ ಅದು ಹೇಳಿತು. ನನ್ನ ಬಿಲ್ಲಿನಲ್ಲಿ ಏಳು ದಿನವೆಂದು ಅಚ್ಚಾಗಿತ್ತು.

ಮಾನಕದ ಗುರುತಿನ ಬಗೆಗೂ ಒಂದು ಮಾತು ಹೇಳಬೇಕು. 2012ರ ಆದೇಶದಂತೆ 15 ಬಗೆಯ ಎಲೆಕ್ಟ್ರಾನಿಕ್ ವಸ್ತುಗಳಿಗೆ ನೋಂದಣಿ ಕಡ್ಡಾಯವಾಯಿತು; ತರುವಾಯ ತಂತಿರಹಿತ ಹೆಡ್‌ಫೋನ್‌ಗಳೂ ಆ ಪಟ್ಟಿಗೆ ಸೇರಿದವು. ಆದರೆ ಆ ಗುರುತು ಹೇಳುವುದು ಸುರಕ್ಷತೆಯನ್ನು: ವಸ್ತು ಹೊತ್ತಿಕೊಳ್ಳದು, ವಿದ್ಯುತ್ ಹೊಡೆಯದು ಎಂಬಷ್ಟನ್ನು. ಎಡಬಲಗಳ ತೂಕ ಸಮವಿದೆಯೇ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ನಾದದ ಗುಣಕ್ಕೆ ಸರ್ಕಾರದ ಮುದ್ರೆಯಿಲ್ಲ.

ಅಂತರ್ಜಾಲದ ಮಾರಾಟ ಬಂದಾಗ ಕಳಚಿದ್ದು ನಡುವಣ ಪಹರೆ. ಅಂಗಡಿಯ ಕಿವಿ ಹೋಯಿತು. ಅದರ ಸಂಬಳ ಉಳಿಯಿತು. ಆ ಉಳಿತಾಯದ ಒಂದು ಪಾಲು ರಿಯಾಯಿತಿಯಾಗಿ ನಮಗೆ ಬಂತು. ಇದರಲ್ಲಿ ಮೋಸವೇನೂ ಇರಬೇಕಿಲ್ಲ. 2003ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 650ರ ರೂಪಾಂತರವೊಂದನ್ನು 2016ರಲ್ಲಿ ಮಾಸ್‌ಡ್ರಾಪ್ ಎಂಬ ಅಮೆರಿಕದ ಸಂಸ್ಥೆ 200 ಡಾಲರಿನ ಆಸುಪಾಸಿನಲ್ಲಿ ಮಾರಿತು. ದೊಡ್ಡ ಸಂಖ್ಯೆಯಲ್ಲಿ ತಯಾರಿಸಿ ನೇರವಾಗಿ ಮಾರಿದ್ದೇ ಆ ಅಗ್ಗಕ್ಕೆ ಕಾರಣ. ಹೊಸ ಮಾದರಿ ಬರುವ ಮುನ್ನ ಹಳೆಯದನ್ನು ತೀರಿಸುವುದೂ ನ್ಯಾಯವಾದ ರಿಯಾಯಿತಿಯೇ. ಆದರೆ ಒಮ್ಮೆ ಮಾರಿ ಹಿಂದಕ್ಕೆ ಬಂದದ್ದು, ತೆರೆದ ಪೆಟ್ಟಿಗೆಯದು, ದುರಸ್ತಿಯಾದದ್ದು, ಅಧಿಕೃತ ಆಮದುದಾರನನ್ನು ಬಳಸಿ ಬಂದದ್ದು, ಎಲ್ಲವೂ ಪರದೆಯ ಮೇಲೆ ಒಂದೇ ಬಣ್ಣದ ಅಂಕಿಯಲ್ಲಿ ಕಾಣಿಸಿಕೊಳ್ಳುತ್ತವೆ. ಬೆಲೆ ಏಕೆ ಇಳಿಯಿತೆಂದು ಬೆಲೆ ತಾನಾಗಿ ಹೇಳುವುದಿಲ್ಲ.

ನನ್ನ ಪೆಟ್ಟಿಗೆಯನ್ನು ಮತ್ತೆ ತೆಗೆದು ನೋಡಿದೆ. ಆಮದಾದ ಸರಕಿನ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರುವ ಚೀಟಿ ಇರಬೇಕೆಂದು ನಿಯಮವಿದೆ. ನನ್ನದರ ಮೇಲೆ ಅದಿರಲಿಲ್ಲ. ತಯಾರಕರ ಭಾರತದ ಪ್ರತಿನಿಧಿಗಳು ವಿನಯದಿಂದಲೇ ಉತ್ತರಿಸಿದರು: ಇದು ನಮ್ಮ ಮೂಲಕ ಬಂದ ವಸ್ತುವಲ್ಲ. ಮಾರಿದವನು ಅವಧಿ ಮುಗಿದಿದೆ ಎಂದ. ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಆದರೆ ಕೈಗೆ ಬಂದ ದಿನವೇ ತಿರುವಿ ನೋಡಿದ್ದರೆ ಈ ಯಾವುದರ ಅಗತ್ಯವೂ ಇರುತ್ತಿರಲಿಲ್ಲ. ಮೂರು ಪಹರೆಗಳಲ್ಲಿ ಉಳಿದಿದ್ದದ್ದು ಒಂದು, ಕೊಂಡವನ ಕಿವಿ. ಆ ಕೆಲಸ ನನ್ನ ಪಾಲಿಗೆ ಬಂದಿದೆ ಎಂದು ತಿಳಿಯದೆ, ಅದರ ಕೂಲಿಯನ್ನು ಮಾತ್ರ ರಿಯಾಯಿತಿಯ ಹೆಸರಿನಲ್ಲಿ ನಾನು ಪಡೆದಿದ್ದೆ.

ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಅವರೆಂದರು: “ತಂಬೂರಿ ಆಗಿದ್ರ ಜವಾರಿಗೆ ಒಂದು ದಾರ ಸರಿಸಿ ಸುಧಾರಿಸಬಹುದಿತ್ತು. ಇದಕ್ಕೆಲ್ಲಿ ದಾರ ಹಾಕ್ತಿ?” ದಾರ ಇಲ್ಲವೆಂದಲ್ಲ, ಕಂಪ್ಯೂಟರಿನಲ್ಲಿ ಎಡಬದಿಯನ್ನು ಎರಡು ಡೆಸಿಬೆಲ್ ಏರಿಸಿ ಈಗ ಕೇಳುತ್ತೇನೆ. ಧ್ವನಿ ನಡುವಿಗೆ ಬಂದಿದೆ. ಮನಸ್ಸು ಮಾತ್ರ ಆಗಾಗ ಬಲಕ್ಕೆ ವಾಲುತ್ತದೆ.

ಕಳೆದ ತಿಂಗಳು ದತ್ತ ಮಂದಿರ ಚೌಕದ ಬಳಿ ಕೋಣೆ ಮಾಡಿಕೊಂಡಿರುವ ಹುಬ್ಬಳ್ಳಿಯ ಹುಡುಗನೊಬ್ಬ ಇಂಥದೇ ಮಾರಾಟದಲ್ಲಿ ಹೆಡ್‌ಫೋನ್ ಕೊಂಡ. ಪೆಟ್ಟಿಗೆ ಬಂದ ಸಂಜೆಯೇ ನಮ್ಮ ಮನೆಗೆ ತರಲು ಹೇಳಿದೆ. ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆವು. ಆಮದಿನ ಚೀಟಿ ಇತ್ತು. ಕನ್ನಡಕ ತೆಗೆದೆವು, ಏಕೆಂದರೆ ಅದರ ಕಡ್ಡಿಯ ಸಂದಿನಿಂದಲೇ ಮಂದ್ರ ಸೋರಿ ಒಂದು ಬದಿ ಬಡವಾಗಬಹುದು. ಧ್ವನಿಯ ಗುಂಡಿಯನ್ನು ತೀರ ಕೆಳಗಿಡಲಿಲ್ಲ. ಅಗ್ಗದ ಆಂಪ್ಲಿಫೈಯರಿನ ಗುಂಡಿ ಅಲ್ಲಿ ತಾನೇ ಒಂದು ಬದಿಗೆ ವಾಲುವುದುಂಟು. ಮಂದ್ರದ ಶುದ್ಧ ಸ್ವರವೊಂದನ್ನು ಹರಿಸಿ ಗರಗರ ಇಲ್ಲವೆಂದು ಖಚಿತಪಡಿಸಿಕೊಂಡೆವು.

ಕೊನೆಗೆ ಅಬ್ದುಲ್ ಕರೀಂ ಖಾನರ ಹಳೆಯ ತಟ್ಟೆಯೊಂದರ ಮುದ್ರಣ ಹಾಕಿದೆ. ಹುಡುಗನಿಗೆ ಅಚ್ಚರಿ: ಇಷ್ಟು ಕರಕರ ಎನ್ನುವುದರಿಂದ ಹೊಸ ಯಂತ್ರವನ್ನು ಪರೀಕ್ಷಿಸುವುದೇ? ಸ್ಟೀರಿಯೋ ಹುಟ್ಟುವ ಮೊದಲಿನ ಮುದ್ರಣವದು. ಎಡಕ್ಕೂ ಬಲಕ್ಕೂ ಹರಿಯುವುದು ಒಂದೇ ನಾದ. ಜೋಡಿ ಸರಿಯಿದ್ದರೆ ಧ್ವನಿ ಹುಬ್ಬುಗಳ ನಡುವೆ ನಿಲ್ಲಲೇಬೇಕು. ಅವನು ಕಣ್ಣು ಮುಚ್ಚಿ ಕೇಳಿದ. ತಿರುವಿ ಹಾಕಿಕೊಂಡು ಮತ್ತೆ ಕೇಳಿದ. “ನಡುವೇ ಐತ್ರಿ” ಎಂದ. ಹೆಡ್‌ಫೋನ್ ತೆಗೆಯಲಿಲ್ಲ. ಮೇಲೆ ಒಂದು ವಿಮಾನ ಹಾದುಹೋಯಿತು, ಅವನು ಅಲುಗಾಡಲಿಲ್ಲ. ತಟ್ಟೆಯ ಮೂರು ನಿಮಿಷ ಮುಗಿದ ಮೇಲೆ, ಇನ್ನೊಮ್ಮೆ ಹಾಕಿರಿ ಎಂದು ಕೇಳಿದ.